ಮಕ್ಕಳ ಕೈಯಲ್ಲಿ ದುಡ್ಡು

ಮಲೆಯ ಮಾದಪ್ಪನಿಗೆ ಮುಡಿಪು ಕಟ್ಟಿದ ಮನೆಯಲ್ಲಿ ಬೆಳೆದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಅರಿಸಿನದ ಬಟ್ಟೆಯಲ್ಲಿ ಗಂಟು ಹಾಕಿ ದೇವರ ಗೂಡಿನಲ್ಲಿ ಇಟ್ಟ ಕಾಸನ್ನು ಯಾರೂ ಮುಟ್ಟುವುದಿಲ್ಲ. ಮನೆಯಲ್ಲಿ ಉಪ್ಪಿಗೆ ದುಡ್ಡಿಲ್ಲದಿದ್ದರೆ ಅಂಗಡಿಯವನಿಗೆ ಸಾಲ ಹೇಳಿ ಬಂದಾರು, ಆ ಗಂಟನ್ನು ಮಾತ್ರ ಬಿಚ್ಚರು. ಅದೇ ಮನೆಯ ಅಜ್ಜಿಯ ಎಲೆಯಡಿಕೆ ಸಂಚಿಯಲ್ಲಿದ್ದ ನಾಣ್ಯಗಳ ಪಾಡು ಬೇರೆ. ಬೆಳಿಗ್ಗೆ ಅಲ್ಲಿದ್ದುದು ಸಂಜೆಗೆ ಇರುತ್ತಿರಲಿಲ್ಲ. ಒಂದಿಷ್ಟು ಮೊಮ್ಮಗನ ಬತ್ತಾಸಿಗೆ, ಒಂದಿಷ್ಟು ಬಳೆಗಾರನಿಗೆ, ಒಂದಿಷ್ಟು ಎಲ್ಲಿ ಹೋಯಿತೆಂದು ಅಜ್ಜಿಗೂ ತಿಳಿಯದು. (ಸಂಚಿಯ ಮಾತು ಬಂದಾಗ ಯಳಂದೂರಿನವರಿಗೆ ಸಂಚಿ ಹೊನ್ನಮ್ಮನ ನೆನಪಾಗದೆ ಇರದು. ಚಿಕ್ಕದೇವರಾಜರ ಅರಮನೆಯಲ್ಲಿ ಆಕೆ ಹೊತ್ತ ಸಂಚಿಯಲ್ಲಿ ಹೊನ್ನಿತ್ತೋ ಬರಿಯ ಎಲೆಯಡಿಕೆಯೋ, ಬಲ್ಲವರು ಹೇಳಬೇಕು.)

ಎರಡೂ ಒಂದೇ ಮನೆಯ ದುಡ್ಡು, ಒಂದೇ ಕೈ ಇಟ್ಟದ್ದು. ಮುಡಿಪಿನ ದುಡ್ಡಿಗೆ ಒಂದು ಹೆಸರುಂಟು, ಅದನ್ನು ಬಿಚ್ಚುವ ದಿನವುಂಟು. ಸಂಚಿಯ ದುಡ್ಡಿಗೆ ಎರಡೂ ಇಲ್ಲ. ಮಕ್ಕಳಿಗೆ ಹಣದ ವ್ಯವಹಾರ ಕಲಿಸುವ ಮಾತನ್ನು ನಾನು ಇಲ್ಲಿಂದಲೇ ಎತ್ತಿಕೊಳ್ಳುತ್ತೇನೆ. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಮಗುವಿಗೆ ಇದನ್ನು ತಿಳಿಸಲು ಬೇರೆ ಊರಿನ ಪುಸ್ತಕ ಬೇಕಾಗಿಲ್ಲ.

ಹನಿ ಹನಿ ಕೂಡಿದರೆ ಹಳ್ಳ ಎಂದು ನಾವೆಲ್ಲ ಸ್ಕೂಲಿನಲ್ಲಿ ಕಾಪಿ ಬರೆದವರೇ. ಗಾದೆ ಸುಳ್ಳಲ್ಲ, ಆದರೆ ಅರ್ಧ. ಹಳ್ಳ ತುಂಬುವ ಬಗೆಯನ್ನು ಅದು ಹೇಳುತ್ತದೆ. ತುಂಬಿದ ಹಳ್ಳದ ತೂಬನ್ನು ಯಾವಾಗ ಎತ್ತಬೇಕು, ಯಾವಾಗ ಇಳಿಸಬೇಕು ಎಂಬುದನ್ನು ಹೇಳುವುದಿಲ್ಲ. ನಮ್ಮಲ್ಲಿ ಬಹುಮಂದಿ ತಂದೆತಾಯಿಯರು ಮಕ್ಕಳಿಗಾಗಿ ಹಣ ಕೂಡಿಸುತ್ತಾರೆ. ಮಗಳ ಹೆಸರಿನಲ್ಲಿ ಠೇವಣಿ, ಮಗನ ಹೆಸರಿನಲ್ಲಿ ವಿಮೆ, ಇಷ್ಟನ್ನು ಹೊಟ್ಟೆ ಬಟ್ಟೆ ಕಟ್ಟಿ ಮಾಡುತ್ತಾರೆ. ಆದರೆ ಹದಿನೆಂಟು ತುಂಬುವ ತನಕ ಆ ಮಗುವಿನ ಕೈಗೆ ಐವತ್ತು ರೂಪಾಯಿ ಕೊಟ್ಟು ‘ಇದರ ಲೆಕ್ಕ ನಿನ್ನದು’ ಎಂದವರು ಎಷ್ಟು ಜನ? ಮಕ್ಕಳಿಗಾಗಿ ಉಳಿಸುವುದು ಒಂದು. ಮಕ್ಕಳಿಗೆ ಉಳಿಸುವುದನ್ನು ಕಲಿಸುವುದು ಇನ್ನೊಂದು. ಮೊದಲನೆಯದು ನಡೆದರೆ ಎರಡನೆಯದೂ ತಾನಾಗಿ ನಡೆದಂತೆಯೇ ಎಂದು ನಾವು ತಿಳಿದಿದ್ದೇವೆ. ನಡೆಯುವುದಿಲ್ಲ.

ಇದಕ್ಕೆ ಯಳಂದೂರಿನಲ್ಲಿಯೇ ಒಂದು ದೊಡ್ಡ ನಿದರ್ಶನವಿದೆ. ದಿವಾನ್ ಪೂರ್ಣಯ್ಯನವರಿಗೆ ೧೮೦೭ರಲ್ಲಿ ಯಳಂದೂರು ಜಹಗೀರಿಯಾಗಿ ಬಂದದ್ದನ್ನು ನೀವು ಬಲ್ಲಿರಿ. ಹೈದರ್, ಟಿಪ್ಪು, ಆಮೇಲೆ ಒಡೆಯರು, ಹೀಗೆ ಮೂರು ಆಳ್ವಿಕೆಗಳ ಬೊಕ್ಕಸದ ಲೆಕ್ಕ ಕಂಡ ಈ ಮನುಷ್ಯ ಲೆಕ್ಕ ಕಲಿತದ್ದು ಅರಮನೆಯಲ್ಲಲ್ಲ. ತಂದೆಯನ್ನು ಕಳೆದುಕೊಂಡ ಹುಡುಗ, ಒಬ್ಬ ವರ್ತಕರ ಅಂಗಡಿಯಲ್ಲಿ ಕುಳಿತು ಜಮಾಖರ್ಚು ಬರೆಯುತ್ತಿದ್ದ. ಅಕ್ಕಿ ಬೇಳೆಯ ಲೆಕ್ಕದಿಂದ ಅವನ ಕೈ ಪಳಗಿತು.

ಈಗ ಇನ್ನೊಬ್ಬ ಹುಡುಗನನ್ನು ನೋಡಿ. ೧೭೯೯ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಪಟ್ಟಕ್ಕೆ ಬಂದಾಗ ಅವರಿಗೆ ಐದು ವರ್ಷ. ಹನ್ನೆರಡು ವರ್ಷ ಪೂರ್ಣಯ್ಯನವರೇ ರಾಜ್ಯಭಾರ ಮಾಡಿದರು. ೧೮೧೧ರಲ್ಲಿ ಅವರು ಅಧಿಕಾರ ಬಿಟ್ಟಾಗ ಬೊಕ್ಕಸದಲ್ಲಿ ೨ ಕೋಟಿ ರೂಪಾಯಿಗೂ ಮೇಲೆ ಇತ್ತೆಂದು ಮೈಸೂರಿನ ಚರಿತ್ರೆ ಬರೆದವರು ಹೇಳುತ್ತಾರೆ. ಅಷ್ಟೂ ಹದಿನಾರು ದಾಟಿದ ಒಬ್ಬ ತರುಣನ ಕೈಗೆ ಬಂತು. ಇಪ್ಪತ್ತು ವರ್ಷಗಳಲ್ಲಿ ಅದು ಕರಗಿತು. ನಗರದ ಕಡೆ ರೈತರು ದಂಗೆ ಎದ್ದರು. ೧೮೩೧ರಲ್ಲಿ ಇಂಗ್ಲಿಷರು ಆಡಳಿತವನ್ನೇ ಕಿತ್ತುಕೊಂಡರು, ಐವತ್ತು ವರ್ಷ ಹಿಂದಿರುಗಿಸಲಿಲ್ಲ. ಒಡೆಯರಿಗೆ ಅನ್ಯಾಯವಾಗದಂತೆ ಒಂದು ಮಾತನ್ನು ಸೇರಿಸಬೇಕು. ವರ್ಷ ವರ್ಷವೂ ಇಂಗ್ಲಿಷರಿಗೆ ೭ ಲಕ್ಷ ವರಹ, ಎಂದರೆ ೨೪.೫ ಲಕ್ಷ ರೂಪಾಯಿ ಪೊಗದಿ ತೆರಬೇಕಾಗಿದ್ದ ಸಂಸ್ಥಾನ ಅದು. ಎಂತಹ ಲೆಕ್ಕಿಗನಿಗೂ ಬೆವರಿಳಿಯುವ ಹೊರೆ. ಸಾಹಿತ್ಯ ಸಂಗೀತಗಳಿಗೆ ಆ ಪ್ರಭುಗಳು ಕೊಟ್ಟ ಆಶ್ರಯವನ್ನು ನಾಡು ಮರೆತಿಲ್ಲ. ಆದರೂ ನನಗೆ ಅನಿಸುವುದು ಇಷ್ಟು: ಪೂರ್ಣಯ್ಯನವರು ರಾಜಕುಮಾರನಿಗಾಗಿ ಎರಡು ಕೋಟಿ ಉಳಿಸಿದರು. ತಾವು ಹುಡುಗರಾಗಿದ್ದಾಗ ಅಂಗಡಿಯಲ್ಲಿ ಕಲಿತದ್ದನ್ನು ಆ ಹುಡುಗನಿಗೆ ಕಲಿಸುವ ಏರ್ಪಾಡು ಮಾತ್ರ ಆದಂತೆ ಕಾಣದು.

ಅರಮನೆಯಿಂದ ನಮ್ಮಂಥವರ ಮನೆಗೆ ಬರೋಣ. ಕೊಳ್ಳೇಗಾಲದ ಕಡೆ ಹಣ ಬರುವ ರೀತಿಯೇ ಒಂದು ವಿಶೇಷ. ಸಂಬಳದವರಿಗೆ ತಿಂಗಳಿಗೊಮ್ಮೆ, ಭತ್ತದವರಿಗೆ ಬೆಳೆಗೊಮ್ಮೆ. ರೇಷ್ಮೆ ಸಾಕುವವರಿಗೆ ಹೀಗಲ್ಲ. ಮೊಟ್ಟೆ ಒಡೆದ ಇಪ್ಪತ್ತೈದು ಮೂವತ್ತು ದಿನಕ್ಕೆ ಹುಳು ಹಣ್ಣಾಗಿ ಚಂದ್ರಿಕೆ ಏರುತ್ತದೆ, ವಾರದೊಳಗೆ ಗೂಡು ಮಾರುಕಟ್ಟೆಗೆ ಹೋಗುತ್ತದೆ, ಹಣ ಒಟ್ಟಿಗೆ ಬರುತ್ತದೆ. ವರ್ಷಕ್ಕೆ ಐದಾರು ಸಲ ಹೀಗೆ. ಬಂದಾಗ ಮನೆಯಲ್ಲಿ ಹಬ್ಬ. ನಡುವಿನ ದಿನಗಳಲ್ಲಿ ಬರಿಯ ಖರ್ಚು. ಆ ಖರ್ಚು ಕೂಡ ಸಮನಾಗಿ ಹಂಚಿಕೊಂಡು ಬಾರದು. ನಾಲ್ಕು ಜ್ವರ ಕಳೆದು ಐದನೆಯ ಹಂತಕ್ಕೆ ಬಂದ ಹುಳು, ಹುಟ್ಟಿದಂದಿನಿಂದ ತಿನ್ನುವ ಒಟ್ಟು ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತರಷ್ಟನ್ನು ಆ ಕೊನೆಯ ವಾರದಲ್ಲೇ ತಿನ್ನುತ್ತದೆ. ಸೊಪ್ಪು ಸಾಲದೆ ಹೋದರೆ ಅಲ್ಲಿಯವರೆಗೆ ಪಟ್ಟ ಶ್ರಮವೆಲ್ಲ ಮಣ್ಣು.

ನನ್ನ ಮೊದಲ ಪಾಠ ಆ ಐದನೆಯ ಹಂತದಲ್ಲೇ ಆಯಿತು. ೧೯೬೦ರ ದಶಕದ ನಡುವಣ ಮಾತು. ಆಗ ನಾನು ಐದನೆಯ ಕ್ಲಾಸಿನಲ್ಲಿದ್ದೆ. ಸೊಪ್ಪು ಕಿತ್ತದ್ದಕ್ಕೂ ತಟ್ಟೆ ಗುಡಿಸಿದ್ದಕ್ಕೂ ಗೂಡು ಮಾರಿದಾಗಲೆಲ್ಲ ಅಪ್ಪ ನನಗೆ ಒಂದೆರಡು ರೂಪಾಯಿ ಕೊಡುವ ವಾಡಿಕೆ ಇತ್ತು. ಮಣ್ಣಿನ ಹುಂಡಿಯಲ್ಲಿ ಹಾಗೆ ೧೧ ರೂಪಾಯಿ ಕೂಡಿತ್ತು. ಒಂದು ಸಂಜೆ ಅಪ್ಪ ಬಂದು ನನ್ನ ಪಕ್ಕದಲ್ಲಿ ಕುಳಿತುಕೊಂಡರು. ‘ಹುಳು ನಾಳೆಗೆ ಸೊಪ್ಪು ಕೇಳುತ್ತೆ. ತೋಟದ್ದು ಮುಗಿಯಿತು. ಪಕ್ಕದ ತೋಟದವನು ಕೈಗೆ ಕಾಸು ಕೊಟ್ಟರೇ ಕೊಡೋದು ಅಂತಾನೆ. ನಿನ್ನ ಹುಂಡಿ ಸಾಲ ಕೊಡ್ತೀಯಾ?’ ಎಂದರು. ಒಡೆದು ತೆಗೆದುಕೊಂಡಿದ್ದರೆ ನಾನು ಏನು ಮಾಡುವಂತಿತ್ತು? ಮನೆಯ ಯಜಮಾನರು. ಆದರೆ ಕೇಳಿದರು. ನಾನು ಕೊಟ್ಟೆ. ಗೋಡೆಯ ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ನನ್ನ ಕೈಯಲ್ಲೇ ಬರೆಸಿದರು: ಅಪ್ಪನಿಗೆ ಸಾಲ, ಹನ್ನೊಂದು ರೂಪಾಯಿ. ಗೂಡು ಮಾರಿದ ದಿನ ೧೨ ರೂಪಾಯಿ ಕೈಗಿಟ್ಟು, ಬರೆದದ್ದರ ಮೇಲೆ ಗೀಟು ಹಾಕಿಸಿದರು. ಬಡ್ಡಿ ಎಂಬ ಪದಕ್ಕೆ ಅರ್ಥ ನನಗೆ ಅಂದು ಆಯಿತು. ಮೇಷ್ಟರು ಬೋರ್ಡಿನ ಮೇಲೆ ಸೂತ್ರ ಬರೆದದ್ದು ಎರಡು ವರ್ಷ ಕಳೆದ ಮೇಲೆ.

ಅಷ್ಟಕ್ಕೇ ನಿಂತಿದ್ದರೆ ಅರ್ಧ ಪಾಠವಾಗುತ್ತಿತ್ತು. ಮರುವರ್ಷ ಚಳಿಗಾಲದಲ್ಲಿ ಅಪ್ಪ ಮತ್ತೆ ಕೇಳಿದರು, ನಾನು ಮತ್ತೆ ಕೊಟ್ಟೆ, ಬಡ್ಡಿಯ ಆಸೆ ಹತ್ತಿತ್ತು. ಆ ಸಲ ಹುಳುವಿಗೆ ಸುಣ್ಣಕಟ್ಟು ತಗುಲಿತು. ನೋಡನೋಡುತ್ತ ತಟ್ಟೆ ತಟ್ಟೆಯೇ ಸುಣ್ಣದ ಕಡ್ಡಿಗಳಂತೆ ಬೆಳ್ಳಗಾಗಿ ಬಿದ್ದುವು. ಅಮ್ಮ ಅವನ್ನು ಗುಂಡಿಗೆ ಹಾಕಿ ಸುಟ್ಟು ಬಂದರು. ನಾನು ನನ್ನ ದುಡ್ಡನ್ನು ನೆನೆದು ಅಳುತ್ತಿದ್ದೆ, ಹುಳುವನ್ನು ನೆನೆದಲ್ಲ. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಅಪ್ಪ ಸುಳ್ಳು ಸಮಾಧಾನ ಹೇಳಲಿಲ್ಲ. ‘ಈ ಬೆಳೆಯಲ್ಲಿ ಇಲ್ಲ. ಮುಂದಿನ ಬೆಳೆ ಬಂದರೆ ಅಸಲು ಕೊಡ್ತೀನಿ, ಬಡ್ಡಿ ಇಲ್ಲ’ ಎಂದರು. ಮುಂದಿನ ಬೆಳೆಯೂ ಅಷ್ಟಕ್ಕಷ್ಟೆ. ಅದಾದ ಮೇಲಿನ ಬೆಳೆಯಲ್ಲಿ ಅಸಲು ಬಂತು. ಕೊಟ್ಟ ಹಣ ಬಾರದಿರುವುದೂ ಉಂಟು, ಕಾಯುವುದೂ ಉಂಟು, ಇದ್ದುದನ್ನೆಲ್ಲ ಒಂದೇ ಕಡೆ ಇಡಬಾರದು. ಇಷ್ಟನ್ನು ಹತ್ತು ವರ್ಷದ ಹುಡುಗ ಹನ್ನೊಂದು ಹನ್ನೆರಡು ರೂಪಾಯಿಯ ಬೆಲೆಗೆ ಕಲಿತ. ಇದೇ ಪಾಠವನ್ನು ನಲವತ್ತನೆಯ ವಯಸ್ಸಿನಲ್ಲಿ ಲಕ್ಷಗಟ್ಟಲೆ ಕೊಟ್ಟು ಕಲಿತವರನ್ನು ನಾನು ಬಲ್ಲೆ.

ಆದುದರಿಂದ ತಂದೆತಾಯಿಯರಿಗೆ ನನ್ನದೊಂದು ಬಿನ್ನಹ. ಕಷ್ಟ ಬಂದಾಗ ಮಗುವಿನ ಹುಂಡಿಗೆ ಕೈ ಹಾಕದ ಮನೆ ನಮ್ಮ ಕಡೆ ಬಹಳ ಇಲ್ಲ. ಅದನ್ನು ತಪ್ಪೆನ್ನುವವನೂ ನಾನಲ್ಲ. ಮಗು ನಿದ್ದೆ ಹೋದಾಗ ಒಡೆಯಬೇಡಿ. ಎದುರಿಗೆ ಕೂರಿಸಿಕೊಂಡು ಕೇಳಿ, ಬರೆದಿಡಿ, ತೀರಿಸಿ. ಬೆಳಿಗ್ಗೆ ಎದ್ದು ಖಾಲಿ ಹುಂಡಿ ಕಂಡ ಮಗು ಕಲಿಯುವುದು ಒಂದನ್ನೇ: ಉಳಿಸಿದವನ ದುಡ್ಡು ಇನ್ನೊಬ್ಬರ ಪಾಲು, ಬಂದದ್ದನ್ನು ಬಂದಂತೆಯೇ ತಿಂದವನೇ ಜಾಣ.

ಇನ್ನು ಹನೂರಿನ ಕಡೆ ಹೊರಳಿದರೆ, ಅಲ್ಲಿ ಮಳೆಯನ್ನು ನಂಬಿದ ನೆಲ. ಬೆಟ್ಟದ ಅಂಚಿನ ಊರುಗಳಲ್ಲಿ ಕೂಲಿಗೆಂದು ದೂರ ಹೋಗಿ ಬರುವವರ ಸಂಸಾರಗಳು ಹೆಚ್ಚು. ‘ಉಳಿಸಿ ಎನ್ನುತ್ತೀರಲ್ಲ, ಏನನ್ನು ಉಳಿಸೋಣ?’ ಎಂದು ಅಲ್ಲಿಯ ತಾಯಿಯೊಬ್ಬಳು ಕೇಳಿದರೆ ಬಾಯಿ ಕಟ್ಟುತ್ತದೆ. ಆದರೆ ಅಂತಹ ಮನೆಯ ಮಕ್ಕಳಿಗೆ ಉಳಿತಾಯಕ್ಕಿಂತ ಮೊದಲು ಕಲಿಸಬೇಕಾದದ್ದು ಸಾಲದ ಲೆಕ್ಕ. ೨೦೨೫ರ ಜನವರಿಯಲ್ಲಿ ನಮ್ಮ ಚಾಮರಾಜನಗರ ಜಿಲ್ಲೆಯ ಹಳ್ಳಿಗಳಿಂದ ಬಂದ ಸುದ್ದಿ ನಿಮಗೆ ನೆನಪಿರಬಹುದು. ವಾರದ ಕಂತು, ತಿಂಗಳ ಕಂತು ಕಟ್ಟಲಾರದೆ, ವಸೂಲಿಗೆ ಬಂದವರ ಮಾತು ತಾಳಲಾರದೆ, ಮನೆಗೆ ಬೀಗ ಹಾಕಿಕೊಂಡು ಊರು ಬಿಟ್ಟ ಕುಟುಂಬಗಳ ಸುದ್ದಿ. ಮಕ್ಕಳ ಸ್ಕೂಲೂ ಅದರೊಡನೆ ತಪ್ಪಿತು. ಮರುತಿಂಗಳೇ ರಾಜ್ಯ ಸರ್ಕಾರ ಇಂತಹ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆ ಹೊರಡಿಸಿತು. ಒಳ್ಳೆಯದೇ. ಕಾನೂನು ವಸೂಲಿಗಾರನ ಬಾಯಿಗೆ ಬೀಗ ಹಾಕೀತು. ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಮುನ್ನ ಲೆಕ್ಕ ಹಾಕಿ ನೋಡುವುದನ್ನು ಕಾನೂನು ಕಲಿಸಲಾರದು.

ಆ ಮನೆಯಲ್ಲಿ ಏಳನೆಯ ಕ್ಲಾಸು ಓದುವ ಹುಡುಗಿ ಇದ್ದಾಳೆ ಎನ್ನಿ. ಸರಳಬಡ್ಡಿಯ ಲೆಕ್ಕಕ್ಕೆ ಅವಳಿಗೆ ಪೂರ್ತಿ ಅಂಕ. ಆದರೆ ಪುಸ್ತಕದ ಬಡ್ಡಿ ಯಾವಾಗಲೂ ವರ್ಷಕ್ಕೆ. ಊರಿನ ಬಡ್ಡಿ ತಿಂಗಳಿಗೆ. ‘ನೂರಕ್ಕೆ ಐದು’ ಎಂದರೆ ಕೇಳಲು ಹಗುರ. ಹತ್ತು ಸಾವಿರಕ್ಕೆ ತಿಂಗಳಿಗೆ ೫೦೦, ವರ್ಷಕ್ಕೆ ೬,೦೦೦, ಅಸಲು ಇದ್ದಲ್ಲೇ ಇದೆ. ಪುಸ್ತಕದ ಭಾಷೆಯಲ್ಲಿ ಅದು ವರ್ಷಕ್ಕೆ ಶೇಕಡ ೬೦. ಇನ್ನೊಂದು ಬಗೆ ಇದಕ್ಕಿಂತ ನಯವಾದದ್ದು. ಹತ್ತು ಸಾವಿರ ಕೊಟ್ಟು ‘ವರ್ಷಕ್ಕೆ ಶೇಕಡ ಹನ್ನೆರಡೇ’ ಎಂದು ೧೧,೨೦೦ ರೂಪಾಯಿಯನ್ನು ಹನ್ನೆರಡು ಸಮ ಕಂತುಗಳಲ್ಲಿ, ತಿಂಗಳಿಗೆ ಸುಮಾರು ೯೩೩ರಂತೆ ವಸೂಲು ಮಾಡುತ್ತಾರೆ. ಆದರೆ ಹತ್ತು ಸಾವಿರ ನಿಮ್ಮ ಕೈಯಲ್ಲಿ ಇದ್ದದ್ದು ಮೊದಲ ತಿಂಗಳು ಮಾತ್ರ; ತಿಂಗಳು ತಿಂಗಳೂ ಅಸಲು ಸವೆಯುತ್ತ ಹೋದರೂ ಬಡ್ಡಿ ಮಾತ್ರ ಮೊದಲ ದಿನದ ಹತ್ತು ಸಾವಿರದ ಮೇಲೆಯೇ. ಸರಿಯಾಗಿ ಲೆಕ್ಕ ಹಾಕಿದರೆ ಅದು ಶೇಕಡ ಇಪ್ಪತ್ತೊಂದನ್ನೂ ಮೀರುತ್ತದೆ. ಈ ಲೆಕ್ಕವನ್ನು ಮೇಷ್ಟರು ಬೋರ್ಡಿನ ಮೇಲೆ ಒಂದು ಸಲ ಮಾಡಿ ತೋರಿಸಿದರೆ, ಆ ಹುಡುಗಿ ಅಂದು ರಾತ್ರಿ ತಾಯಿಯ ಸಾಲದ ಪುಸ್ತಕವನ್ನು ತೆಗೆದು ನೋಡುವಳು. ನೋಡಲಿ. ಮನೆಯ ಕಷ್ಟ ಮಕ್ಕಳಿಗೆ ತಿಳಿಯಬಾರದು ಎನ್ನುವವರಿದ್ದಾರೆ. ವಸೂಲಿಯವನು ಜಗಲಿಯಲ್ಲಿ ಕೂತಿರುವಾಗ ಮಕ್ಕಳಿಗೆ ತಿಳಿಯದೆ ಇರುವುದು ಏನಿದೆ?

ನಮ್ಮ ಸ್ಕೂಲುಗಳು ಈ ವಿಷಯದಲ್ಲಿ ಏನೂ ಮಾಡುತ್ತಿಲ್ಲ ಎಂದರೆ ತಪ್ಪಾಗುತ್ತದೆ. ಮಕ್ಕಳ ಸಂತೆ ಎಂದು ಒಂದು ಪದ್ಧತಿ ಇದೆ. ಕೆಲವೆಡೆ ಮೆಟ್ರಿಕ್ ಮೇಳ ಎನ್ನುತ್ತಾರೆ. ಯಳಂದೂರಿನ ಕಡೆ ಒಂದು ಹಳ್ಳಿಯ ಸ್ಕೂಲಿನಲ್ಲಿ ಅಂತಹ ಸಂತೆಯನ್ನು ಒಂದು ಮಧ್ಯಾಹ್ನವೆಲ್ಲ ಕೂತು ನೋಡಿದೆ. ಗೋಣಿತಾಟಿನ ಮೇಲೆ ಬದನೆ, ಸೋರೆ, ಕಡಲೆಕಾಯಿ, ಒಂದು ಕಡೆ ಚುರುಮುರಿ. ಹಳ್ಳಿಯ ಹೆಂಗಸರು ಚೌಕಾಸಿ ಮಾಡುವುದರಲ್ಲಿ ಮಕ್ಕಳೆಂದು ಕರುಣೆ ತೋರಿಸಲಿಲ್ಲ. ಕರಿಬೇವು, ನಿಂಬೆಹಣ್ಣು ತಂದಿದ್ದ ಒಬ್ಬ ಹನ್ನೊಂದು ವರ್ಷದ ಹುಡುಗಿ ಸಂಜೆಗೆ ಎಣಿಸಿ ‘ಎಂಬತ್ತು ರೂಪಾಯಿ ಲಾಭ ಸಾರ್’ ಎಂದಳು. ಮೇಷ್ಟರು ಕೇಳಿದರು:

‘ಬಂಡವಾಳ ಎಷ್ಟು?’

‘ಬಂಡವಾಳವೇ ಇಲ್ಲ ಸಾರ್, ನಮ್ಮ ಹಿತ್ತಿಲದ್ದು.’

‘ಹಿತ್ತಿಲಿಗೆ ನೀರು ಹಾಕಿದವರು ಯಾರು?’

‘ಅಮ್ಮ.’

‘ಅಮ್ಮನ ಕೂಲಿ?’

ಹುಡುಗಿ ಬಹಳ ಹೊತ್ತು ಯೋಚಿಸಿದಳು. ಕೊನೆಗೆ ಇಪ್ಪತ್ತು ರೂಪಾಯಿ ಬೇರೆ ಎತ್ತಿಟ್ಟು ‘ಹಾಗಾದರೆ ಅರುವತ್ತು’ ಎಂದಳು. ಅರ್ಥಶಾಸ್ತ್ರದ ಪ್ರೊಫೆಸರುಗಳೂ ಮನೆಯ ಹೆಂಗಸರ ದುಡಿಮೆಗೆ ಬೆಲೆ ಕಟ್ಟುವುದನ್ನು ಅನೇಕ ಸಲ ಮರೆಯುತ್ತಾರೆ. ಆ ಮೇಷ್ಟರು ಮರೆಯಲಿಲ್ಲ.

ಸಂತೆ ಒಂದು ದಿನದ ಸಂಭ್ರಮ. ಮರುದಿನ ಆ ಅರುವತ್ತು ರೂಪಾಯಿ ಎಲ್ಲಿಗೆ ಹೋಗಬೇಕು? ಹಿಂದೆ ಸಂಚಯಿಕಾ ಎಂದು ಶಾಲೆಗಳ ಉಳಿತಾಯ ಬ್ಯಾಂಕಿನ ಯೋಜನೆಯೊಂದಿತ್ತು. ಹುಡುಗರೇ ಗುಮಾಸ್ತರು, ಹುಡುಗರೇ ಖಜಾಂಚಿಗಳು, ಮೇಷ್ಟರೊಬ್ಬರು ಮೇಲ್ವಿಚಾರಕರು. ಹತ್ತು ಪೈಸೆ, ನಾಲ್ಕಾಣೆ ಬರೆದುಕೊಂಡು ಕೂಡಿದ್ದನ್ನು ಪೋಸ್ಟಾಫೀಸಿಗೋ ಬ್ಯಾಂಕಿಗೋ ಕಟ್ಟುವುದು. ಸೆಪ್ಟೆಂಬರ್ ೧೫ನ್ನು ಸಂಚಯಿಕಾ ದಿನವೆಂದು ಆಚರಿಸುತ್ತಿದ್ದರು. ಆ ದಿನದ ಭಾಷಣಗಳು ಯಾರಿಗೂ ನೆನಪಿಲ್ಲ. ಖಜಾಂಚಿಯಾಗಿದ್ದ ಹುಡುಗ, ಎರಡು ರೂಪಾಯಿ ಲೆಕ್ಕ ತಪ್ಪಿದ ರಾತ್ರಿ ನಿದ್ದೆ ಬಾರದೆ ಹೊರಳಾಡಿದ್ದು ಅವನಿಗೆ ನೆನಪಿರುತ್ತದೆ.

ಪೋಸ್ಟಾಫೀಸಿನ ಉಳಿತಾಯ ಬ್ಯಾಂಕು ಈ ದೇಶದಲ್ಲಿ ೧೮೮೨ರಿಂದ ಇದೆ. ೧೯೫೬ರ ನವೆಂಬರಿನವರೆಗೆ ಕೊಳ್ಳೇಗಾಲ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಕೂಗಳತೆಯ ಯಳಂದೂರು ಮೈಸೂರಿಗೆ. ಸರ್ಕಾರ ಎರಡಾದರೂ, ೧೮೮೯ರಲ್ಲಿ ಮೈಸೂರಿನ ಅಂಚೆ ಇಂಡಿಯಾ ಅಂಚೆಯೊಡನೆ ಕೂಡಿದ ಮೇಲೆ ಎರಡು ಕಡೆಯೂ ಪೋಸ್ಟಾಫೀಸು ಒಂದೇ. ಅಲ್ಲಿ ಹತ್ತು ವರ್ಷ ತುಂಬಿದ ಮಗು ತನ್ನ ಹೆಸರಿನಲ್ಲಿ ತಾನೇ ಖಾತೆ ತೆರೆದು, ತಾನೇ ರುಜು ಹಾಕಿ ನಡೆಸಬಹುದು. ಬ್ಯಾಂಕುಗಳೂ ಹತ್ತು ತುಂಬಿದವರಿಗೆ ಹೀಗೆ ಅವಕಾಶ ಕೊಡಬಹುದೆಂದು ರಿಸರ್ವ್ ಬ್ಯಾಂಕು ೨೦೧೪ರಲ್ಲಿ ಹೇಳಿತು, ೨೦೨೫ರ ಏಪ್ರಿಲಿನಲ್ಲಿ ಮತ್ತೆ ಸ್ಪಷ್ಟಪಡಿಸಿತು. ಎಷ್ಟು ಹಣದವರೆಗೆ ಎಂಬ ಮಿತಿಯನ್ನು ಆಯಾ ಬ್ಯಾಂಕು ಗೊತ್ತುಮಾಡುತ್ತದೆ. ಖಾತೆಯಲ್ಲಿ ಇದ್ದುದಕ್ಕಿಂತ ಹೆಚ್ಚು ತೆಗೆಯಲು ಆಗದು, ಎಂದರೆ ಮಗು ಸಾಲಕ್ಕೆ ಸಿಕ್ಕದು. ಹೆಣ್ಣುಮಗುವಿಗೆ ಹತ್ತು ತುಂಬುವ ಮೊದಲು ತಂದೆತಾಯಿ ತೆರೆಯಬಹುದಾದ ಸುಕನ್ಯಾ ಸಮೃದ್ಧಿ ಖಾತೆ ೨೦೧೫ರಿಂದ ಇದೆ. ವರ್ಷಕ್ಕೆ ೨೫೦ ರೂಪಾಯಿ ಕಟ್ಟಿದರೂ ನಡೆಯುತ್ತದೆ. ಅದು ಮಗುವಿಗಾಗಿ ಉಳಿಸುವ ಬಗೆ, ಬಹಳ ಒಳ್ಳೆಯದು. ಅದರ ಜೊತೆಗೆ ಮಗುವೇ ನಡೆಸುವ ಸಣ್ಣದೊಂದು ಖಾತೆ ಇರಲಿ ಎನ್ನುವುದು ನನ್ನ ಮಾತು. ವಾರಕ್ಕೆ ಹತ್ತು ರೂಪಾಯಿಯಂತೆ ಹತ್ತರಿಂದ ಹದಿನೆಂಟರವರೆಗೆ ಕಟ್ಟಿದರೆ ಅಸಲು ೪,೧೬೦ ರೂಪಾಯಿ ಆಗುತ್ತದೆ. ಇದರಿಂದ ಯಾರೂ ಸಾಹುಕಾರರಾಗುವುದಿಲ್ಲ. ಕಟ್ಟಿದ್ದು ನಾನೂರು ಸಲ ಎಂಬುದಷ್ಟೇ ಅದರ ಬೆಲೆ.

ಈಗಿನ ಕಾಲಕ್ಕೆ ಒಂದು ಹೊಸ ತೊಡಕು. ೨೦೧೬ರಲ್ಲಿ ಯುಪಿಐ ಬಂದ ಮೇಲೆ ದುಡ್ಡು ಕಣ್ಣಿಗೆ ಕಾಣುವುದೇ ನಿಂತಿದೆ. ಅಪ್ಪ ಫೋನು ತೋರಿಸುತ್ತಾನೆ, ಅಂಗಡಿಯವನು ಸಾಮಾನು ಕೊಡುತ್ತಾನೆ. ಮಗು ನೋಡಿದ್ದು ಒಂದು ಸದ್ದನ್ನು ಮಾತ್ರ. ಸಂಚಿ ಬರಿದಾದದ್ದು ಅಜ್ಜಿಗೆ ಬೆರಳಿಗಾದರೂ ತಿಳಿಯುತ್ತಿತ್ತು, ಇಲ್ಲಿ ಅದೂ ಇಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ೨೦೨೫ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಕಾಯಿದೆ ಮಾಡಿ ನಿಷೇಧಿಸಬೇಕಾಗಿ ಬಂತು. ಹತ್ತು ಹನ್ನೆರಡರ ತನಕ ಮಕ್ಕಳಿಗೆ ನೋಟು ನಾಣ್ಯಗಳನ್ನೇ ಕೊಡಿ. ಎಣಿಸಲಿ, ಕಳೆದುಕೊಳ್ಳಲಿ, ಹುಡುಕಲಿ. ಕೊಟ್ಟ ಮೇಲೆ ಮಾತ್ರ ನಿಮ್ಮ ಬುದ್ಧಿವಾದವನ್ನು ಸ್ವಲ್ಪ ಬಿಗಿಹಿಡಿದುಕೊಳ್ಳಿ. ಜಾತ್ರೆಯಲ್ಲಿ ಅದು ಕೆಲಸಕ್ಕೆ ಬಾರದ ಪೀಪಿ ಕೊಂಡು ಮರುದಿನ ಮುರಿದು ಕೂತರೆ, ಆ ಮುರಿದ ಪೀಪಿ ಎರಡು ದಿನ ಕಣ್ಣೆದುರಿಗೆ ಇರಲಿ; ಇನ್ನೊಂದನ್ನು ಕೊಡಿಸಬೇಡಿ, ಹಂಗಿಸಲೂಬೇಡಿ.

ಕರಿಬೇವಿನ ಹುಡುಗಿಯ ಮಾತು ಅರ್ಧಕ್ಕೆ ನಿಂತಿತು. ಆ ಅರುವತ್ತು ರೂಪಾಯಿಯನ್ನು ಏನು ಮಾಡುತ್ತೀಯೆ ಎಂದು ನಾನು ಕೇಳಿದೆ. ಅಕ್ಕನಿಗೆ ಸೈಕಲ್ಲು ಬಂದಾಗ ಅದಕ್ಕೊಂದು ಬೀಗ ಕೊಳ್ಳಬೇಕು, ಅಲ್ಲಿಯವರೆಗೆ ಅಮ್ಮನ ಡಬ್ಬದಲ್ಲಿ ಇಟ್ಟರೆ ಉಳಿಯದು, ಎಂದಳು. ಹೆಸರೂ ಸಿಕ್ಕಿತು, ಬಿಚ್ಚುವ ದಿನವೂ ಸಿಕ್ಕಿತು. ಪೋಸ್ಟಾಫೀಸಿನಲ್ಲಿ ತನ್ನ ಹೆಸರಿಗೇ ಪುಸ್ತಕ ಕೊಡುತ್ತಾರೆಂದು ತಿಳಿಸಿದಾಗ ಅವಳು ಮೊದಲು ನಂಬಲಿಲ್ಲ. ಖಾತೆ ತೆರೆಯಲು ೫೦೦ ರೂಪಾಯಿ ಬೇಕೆಂದಾಗ ಮುಖ ಸಣ್ಣದಾಯಿತು. ಮೇಷ್ಟರು ಬೆರಳು ಮಡಿಸಿ ಲೆಕ್ಕ ಹಾಕಿದರು: ಕೈಯಲ್ಲಿ ಅರುವತ್ತು, ಬೇಕಾದದ್ದು ಇನ್ನು ನಾನೂರ ನಲವತ್ತು, ಹಿತ್ತಿಲಲ್ಲಿ ನಿಂಬೆ ಇನ್ನೂ ಬಿಡುತ್ತಿದೆ, ಪಕ್ಕದ ಊರಿನ ಸಂತೆ ವಾರಕ್ಕೊಂದು. ‘ಅಮ್ಮನ ಕೂಲಿ ಕಳೆದು ತಾನೇ ಸಾರ್?’ ಎಂದು ಹುಡುಗಿ ಕೇಳಿದಳು.